ವೀಕೆಂಡ್ ಟ್ರೆಕ್ಕಿಂಗ್ ಜೊತೆಗೆ ಮೊಲ, ಗೌಜಲಕ್ಕಿ ಬೇಟೆ: ಮೇಲುಕೋಟೆ ಕಡೆ ಆಗುತ್ತಾ?

ತೊಣ್ಣೂರು ಹೈದ
ಎಲ್ರಿಗೂ ನಮಸ್ಕಾರ. ಊರು ಪಾಂಡವಪುರ ತಾಲ್ಲೂಕು, ಕೆಲಸದ ಸಲುವಾಗಿ ಮೈಸೂರು ವಿಜಯನಗರದಲ್ಲಿದ್ದೀನಿ. ನಾವು ನಾಲ್ಕು ಜನ ಗೆಳೆಯರು ತಿಂಗಳಿಗೊಂದು ಬೆಟ್ಟ ಹತ್ತುತ್ತಾ ಬಂದಿದ್ದೀವಿ. ಕುಂತಿಬೆಟ್ಟ, ಕರಿಘಟ್ಟ, ಕಬ್ಬಾಳದುರ್ಗ ಮುಗೀತು. ಮುಂದಿನ ತಿಂಗಳು ಶನಿವಾರ ಬೆಳಿಗ್ಗೆ ಜಕ್ಕನಹಳ್ಳಿಯಲ್ಲಿ ಬಸ್ಸಿಳಿದು, ಬ್ಯಾಗ್ ಹೊತ್ಕೊಂಡು ಮೇಲುಕೋಟೆ ಸುತ್ತಿನ ಕುರುಚಲು ಕಾಡಲ್ಲಿ ನಡೆದು, ನಾರಾಯಣದುರ್ಗದ ಬುಡದಲ್ಲಿ ರಾತ್ರಿ ಟೆಂಟ್ ಹಾಕಿ ಭಾನುವಾರ ವಾಪಸ್ ಬರೋ ಯೋಚನೆ.

ಈ ಸಲ ಇನ್ನೊಂದು ಆಸೆ ಇದೆ. ನಮ್ಮಜ್ಜ ಹಳೇ ಬೇಟೆಗಾರ. ಯುಗಾದಿ ಮರುದಿನ, ವರ್ಷತೊಡಕಿಗೆ, ಊರಿನ ಮೂವತ್ತು ಜನ ಬಲೆ, ದೊಣ್ಣೆ, ನಾಯಿ ಕರ್ಕೊಂಡು ಹೊರಟರೆ ಸಂಜೆಗೆ ಮೊಲ ಹೊತ್ಕೊಂಡು ಬರ್ತಿದ್ರಂತೆ. ದೇವಸ್ಥಾನದ ಮುಂದೆ ಎಲೆ ಹಾಸಿ ಪಾಲು ಹಾಕಿ, ಓಡಿಸಿದ ನಾಯಿಗೂ ಒಂದು ಪಾಲು ಇಡ್ತಿದ್ರಂತೆ. ಇದನ್ನ ಕೇಳ್ಕೊಂಡೇ ನಾನು ಬೆಳೆದದ್ದು. ಅಮೆರಿಕದಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಕೂಡ ಹೀಗೇ ಬ್ಯಾಗ್ ಹಾಕ್ಕೊಂಡು ಬೆಟ್ಟ ಹತ್ತಿ, ಹಕ್ಕಿ ಹೊಡೆದು ಅಲ್ಲೇ ಬೇಯಿಸಿ ತಿಂದ ಫೋಟೋ ಕಳಿಸ್ತಾನೆ.

ನನ್ನ ಪ್ರಶ್ನೆ ಇಷ್ಟೇ. ದೊಡ್ಡ ಪ್ರಾಣಿಯ ಮಾತಲ್ಲ. ಒಂದು ಮೊಲ, ಎರಡು ಗೌಜಲಕ್ಕಿ. ಗೆಳೆಯನ ಹತ್ರ ಏರ್‌ಗನ್ ಇದೆ, ಅದಕ್ಕೆ ಲೈಸೆನ್ಸ್ ಬೇಡ ಅಂತಾರೆ. ಯಾರಾದ್ರೂ ಮಾಡಿದ್ದೀರಾ? ಎಷ್ಟು ತೂಕ ಹೊರಬೇಕಾಗುತ್ತೆ, ಏನೇನು ತಗೊಂಡು ಹೋಗ್ಬೇಕು?

ರಾತ್ರಿ ಬಸ್
ಬೇಡ ಗುರು. ಮುಟ್ಟಬೇಡ.

ಕಬ್ಬಿನ ಗದ್ದೆ
ಅಯ್ಯೋ ಹೋಗ್ ಬಾ ಕಣಣ್ಣೋ, ನಮ್ ಕಡೆ ಈಗ್ಲೂ ಹುಡುಗ್ರು ಹೋಯ್ತಾರೆ. ಒಂದ್ ಮೊಲಕ್ಕೆ ಯಾರ್ ಕೇಳ್ತಾರೆ.

ಕೋರ್ಟ್ ಹಾಲ್ 3
ಕೇಳ್ತಾರೆ. ಮೈಸೂರಲ್ಲಿ ವಕೀಲಿಕೆ ಮಾಡ್ತೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 9 ಬೇಟೆಯನ್ನ ನಿಷೇಧಿಸಿದೆ. "ಬೇಟೆ" ಅನ್ನೋ ಪದಕ್ಕೆ ಆ ಕಾಯ್ದೆ ಕೊಟ್ಟಿರೋ ಅರ್ಥವನ್ನ ಜನ ಓದೋದೇ ಇಲ್ಲ. ಕೊಂದರೆ ಮಾತ್ರ ಬೇಟೆ ಅಲ್ಲ. ಹಿಡಿಯೋದು, ಉರುಲು ಹಾಕೋದು, ಬಲೆ ಒಡ್ಡೋದು, ಅಟ್ಟಿಸಿಕೊಂಡು ಹೋಗೋದು, ಗಾಯ ಮಾಡೋದು, ಹಕ್ಕಿಯ ಗೂಡು ಮೊಟ್ಟೆ ಹಾಳು ಮಾಡೋದು, ಇವೆಲ್ಲದರ ಪ್ರಯತ್ನವೂ ಬೇಟೆಯೇ. ಗುರಿ ತಪ್ಪಿತು, ಏನೂ ಸಿಗಲಿಲ್ಲ ಅಂದ್ರೂ ಕೇಸು ನಿಲ್ಲುತ್ತೆ.

ಮೊಲ ಮೊದಲು ಈ ಕಾಯ್ದೆಯ 4ನೇ ಪಟ್ಟಿಯಲ್ಲಿತ್ತು (ಶೆಡ್ಯೂಲ್ ಅಂತಾರಲ್ಲ, ಅದು). 2022ರಲ್ಲಿ ತಿದ್ದುಪಡಿ ಆಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆರು ಪಟ್ಟಿ ಇದ್ದದ್ದು ನಾಲ್ಕಾಯ್ತು, ಮೊಲ ಈಗ 2ನೇ ಪಟ್ಟಿಯಲ್ಲಿದೆ. ಇದಕ್ಕೆ 3 ವರ್ಷದ ತನಕ ಜೈಲು ಅಥವಾ 1 ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಉಡ, ನವಿಲು 1ನೇ ಪಟ್ಟಿ. ಅವನ್ನ ಮುಟ್ಟಿದರೆ ಕನಿಷ್ಠ 3 ವರ್ಷ, ಗರಿಷ್ಠ 7.

ಈಗ ಮುಖ್ಯವಾದದ್ದು. ನೀವು ಹೇಳ್ತಿರೋ ಜಾಗ ಮೇಲುಕೋಟೆ ವನ್ಯಜೀವಿಧಾಮ. 1974ರಲ್ಲಿ ಘೋಷಣೆ ಆದದ್ದು, ಸುಮಾರು 50 ಚದರ ಕಿ.ಮೀ., ತೋಳಗಳಿಗಾಗಿ ಹೆಸರಾದದ್ದು. ನಾರಾಯಣದುರ್ಗದ ಕಾಡೂ ಅದರೊಳಗೇ ಬರುತ್ತೆ. ಅಭಯಾರಣ್ಯದ ಒಳಗೆ ಬೇಟೆ ಆಡಿದರೆ ಪ್ರಾಣಿ ಯಾವ ಪಟ್ಟಿಯದ್ದೇ ಆಗಲಿ, 3ರಿಂದ 7 ವರ್ಷ, ಕನಿಷ್ಠ 25,000 ದಂಡ. ಕಲಂ 31ರ ಪ್ರಕಾರ ಅನುಮತಿ ಇಲ್ಲದೆ ಆಯುಧ ಹಿಡ್ಕೊಂಡು ಒಳಗೆ ಕಾಲಿಡೋದೇ ಅಪರಾಧ.

ಏರ್‌ಗನ್ ವಿಷಯ: 2016ರ ಶಸ್ತ್ರಾಸ್ತ್ರ ನಿಯಮದಲ್ಲಿ 20 ಜೌಲ್‌ಗಿಂತ ಕಡಿಮೆ ಶಕ್ತಿಯ, 4.5 ಮಿ.ಮೀ. ಏರ್‌ಗನ್‌ಗೆ ಲೈಸೆನ್ಸ್ ಬೇಡ ಅನ್ನೋದು ನಿಜ. ಅದು ಡಬ್ಬಿಗೆ, ಬೋರ್ಡಿಗೆ ಗುರಿ ಇಡೋಕೆ. ಹಕ್ಕಿಗೆ ಇಟ್ಟರೆ ಕೋವಿ, ಕಲ್ಲು, ಚಾಟರ್‌ಬಿಲ್ಲು ಎಲ್ಲಾ ಒಂದೇ.

ತೊಣ್ಣೂರು ಹೈದ
ಪ್ರಯತ್ನವೂ ಬೇಟೆ ಅಂತ ನಿಜವಾಗ್ಲೂ ಗೊತ್ತಿರಲಿಲ್ಲ ಸಾರ್. ಖಾಸಗಿ ಜಮೀನಲ್ಲಿ? ನಮ್ಮದೇ ಹೊಲ ಇದೆ, ನಾಲ್ಕು ಎಕರೆ, ಮಳೆ ನಂಬ್ಕೊಂಡಿರೋದು. ಅಲ್ಲಿ ಮೊಲ ಬರುತ್ತೆ.

ಕೋರ್ಟ್ ಹಾಲ್ 3
ಹೊಲ ನಿಮ್ಮದು, ಮೊಲ ನಿಮ್ಮದಲ್ಲ. ಬೇಟೆಯ ನಿಷೇಧ ಜಾಗ ನೋಡಿ ಬದಲಾಗಲ್ಲ.

ಕಬ್ಬಿನ ಗದ್ದೆ
@ಕೋರ್ಟ್ ಹಾಲ್ 3 ಸಾ, ನೀವ್ ಹೇಳೋದು ಬುಕ್ಕಲ್ಲಿ ಸರಿ. ನಮ್ ಗದ್ದೆಗ್ ಬಂದ್ ನೋಡಿ. ಕಾಡಂದಿ ಒಂದ್ ರಾತ್ರಿಗೆ ಅರ್ಧ ಎಕ್ರೆ ಕಬ್ಬು ಕೆಡವಿ ಹೋಯ್ತದೆ. ನವಿಲು ಟೊಮೇಟೊ ಕುಕ್ತದೆ, ರಾಗಿ ಪೈರು ಎಳೆದಿದ್ದಾಗ್ಲೇ ಮೊಲ ಮೇಯ್ತದೆ. ಸಾಲ ಮಾಡ್ದೋನು ನಾನು. ಕಾಡಿನ್ ಪ್ರಾಣಿ ಸಾಕ್ತಿರೋನು ರೈತ, ಕೇಸ್ ಬೀಳೋದೂ ರೈತನ್ ಮೇಲೇ. ಪ್ಯಾಟೆಯೋರು ಕ್ಯಾಮರಾ ಹಿಡ್ಕೊಂಡ್ ಬಂದು ಅಯ್ಯೋ ಪಾಪ ಅಂತೀರಿ.

ಕೋರ್ಟ್ ಹಾಲ್ 3
ನಿಮ್ಮ ಸಿಟ್ಟು ನ್ಯಾಯವಾದದ್ದು, ಇದನ್ನ ಮನಸಾರೆ ಹೇಳ್ತಿದ್ದೀನಿ. ನಾನೂ ರೈತನ ಮಗ, ಮಳವಳ್ಳಿ ಕಡೆಯವ. ಬೆಳೆಗೆ, ಜೀವಕ್ಕೆ ಅಪಾಯ ತರೋ ಪ್ರಾಣಿಗೆ ಕಲಂ 11ರಲ್ಲಿ ದಾರಿ ಇದೆ. ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಬರಹದಲ್ಲಿ ಕಾರಣ ಕೊಟ್ಟು ಅನುಮತಿ ಕೊಡಬಹುದು. ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರವೂ ಇದೆ. ಫೋಟೋ, ಪಹಣಿ ಇಟ್ಕೊಂಡು ತಡ ಮಾಡದೆ ಅರ್ಜಿ ಹಾಕಿ. ಬರೋ ದುಡ್ಡು ನಷ್ಟಕ್ಕೆ ಸಾಲಲ್ಲ, ಒಪ್ಪಿದೆ. ಆದರೆ ಮೈಸೂರಿಂದ ಬ್ಯಾಗ್ ಹಾಕ್ಕೊಂಡು ಖುಷಿಗೆ ಬರೋ ನಾಲ್ಕು ಹುಡುಗರಿಗೂ ನಿಮ್ಮ ಕಷ್ಟಕ್ಕೂ ಸಂಬಂಧ ಇಲ್ಲ, ಅಲ್ವಾ?

ಕಬ್ಬಿನ ಗದ್ದೆ
ಅದು ಸರಿ ಬುಡಿ. ಖುಷಿಗ್ ಹೊಡೆಯೋದು ನಂಗೂ ಸರಿ ಕಾಣಕ್ಕಿಲ್ಲ.

ಹಳೇ ವಾಚರ್
ಈ ಚರ್ಚೆ ನೋಡಿ ಬರೀಲೇಬೇಕು ಅನ್ನಿಸ್ತು. ಅರಣ್ಯದಲ್ಲಿ ವಾಚರ್ ಆಗಿ 27 ವರ್ಷ ದುಡಿದು ಈಗ ಮನೇಲಿದ್ದೀನಿ. ಟೈಪು ಮಾಡ್ತಿರೋದು ಮೊಮ್ಮಗಳು.

ಯುಗಾದಿ ಬಂತು ಅಂದ್ರೆ ನಮಗೆ ಹಬ್ಬ ಇರ್ತಿರಲಿಲ್ಲ. ಹಬ್ಬದ ಹಿಂದಿನ ಎರಡು ದಿನ ಬೇಲಿ ಸಾಲು, ಹಳ್ಳದ ಪಕ್ಕ ನಡೆದು ಉರುಲು ಕೀಳೋದೇ ಕೆಲಸ. ಬೈಕಿನ ಕ್ಲಚ್ ವೈರಲ್ಲಿ ಮಾಡಿರ್ತಾರೆ, ಹುಲ್ಲೊಳಗೆ ಕಣ್ಣಿಗೆ ಬೀಳಲ್ಲ, ಕೈಯಲ್ಲಿ ಸವರಿ ಹುಡುಕಬೇಕು. ಹಾಕಿದವನು ಮೊಲಕ್ಕೇ ಹಾಕಿರ್ತಾನೆ. ವೈರಿಗೆ ಮೊಲ ಯಾವುದು, ಇನ್ನೊಂದು ಯಾವುದು ಅಂತ ಗೊತ್ತಾಗುತ್ತಾ? ಒಂದು ವರ್ಷ ಕಬ್ಬಿನ ಗದ್ದೆ ಬದುವಲ್ಲಿ ಹೆಣ್ಣು ಚಿರತೆ ಸೊಂಟಕ್ಕೆ ವೈರು ಸಿಕ್ಕಿಸ್ಕೊಂಡು ರಾತ್ರಿಯೆಲ್ಲಾ ಎಳೆದಾಡಿತ್ತು. ಬೆಳಿಗ್ಗೆ ನಾವು ಹೋಗೋ ಹೊತ್ತಿಗೆ ಸುತ್ತ ಎಂಟು ಅಡಿ ನೆಲ ಉತ್ತ ಹಾಗಾಗಿತ್ತು. ಡಾಕ್ಟರು ಪ್ರಜ್ಞೆ ತಪ್ಪಿಸೋ ಇಂಜೆಕ್ಷನ್ ಹೊಡೆದ್ರು, ವೈರು ಬಿಚ್ಚಿದ್ರು. ಸಂಜೆಗೆ ಸತ್ತೋಯ್ತು. ಕೆಚ್ಚಲಲ್ಲಿ ಹಾಲಿತ್ತು. ಮರಿ ಎಲ್ಲಿದೆ ಅಂತ ಮೂರು ದಿನ ಗದ್ದೆ ಗದ್ದೆ ಅಲೆದ್ವಿ, ಸಿಗಲಿಲ್ಲ.

ಹುಡುಗಾ, ನಿನ್ನ ಮೇಲೆ ಸಿಟ್ಟಿಲ್ಲ. ಮಾಡಿ ಬಂದ ಮೇಲಲ್ಲ, ಮಾಡೋ ಮುಂಚೆ ಕೇಳಿದ್ದೀಯ. ನಿನ್ನಜ್ಜನ ಕಾಲದಲ್ಲಿ ಅದು ಊರಿನ ಹಬ್ಬವಾಗಿತ್ತು, ಆಗ ಕುರುಚಲು ಎಷ್ಟಿತ್ತು, ಮೊಲ ಎಷ್ಟಿತ್ತು. ಈಗ ಎಲ್ಲಿದೆ ಆ ಗೋಮಾಳ?

ತೊಣ್ಣೂರು ಹೈದ
ನಮ್ಮೂರ ಗೋಮಾಳ ಈಗ ಲೇಔಟ್ ತಾತ.

ಸರಸ್ವತಿಪುರಂ ಅಕ್ಕ
ಹಳೇ ವಾಚರ್ ತಾತನಿಗೆ ನಮಸ್ಕಾರ. ಮೊಮ್ಮಗಳಿಗೂ. ಇಂಥದ್ದನ್ನ ಬರೆಸಿ ಇಡಿ ಪುಟ್ಟಿ, ಇನ್ನೂ ಬರೆಸು.

ಪುಳಿಯೋಗರೆ ಪ್ರಿಯ
ವಿಷಯಾಂತರ ಅನ್ಕೋಬೇಡಿ. ಮೇಲುಕೋಟೆಗೆ ಹೋಗ್ತಾ ಮೊಲದ ಮಾಂಸದ ಯೋಚನೆ ಯಾಕೆ? ಪುಳಿಯೋಗರೆ, ಸಕ್ಕರೆ ಪೊಂಗಲ್ ತಿಂದು ಕಲ್ಯಾಣಿ ಮೆಟ್ಟಿಲ ಮೇಲೆ ಕೂತರೆ ಸಾಕಲ್ಲ.

ಕಬ್ಬಿನ ಗದ್ದೆ
ಪುಳಿಯೋಗ್ರೆ ತಿಂದ್ ಬೆಟ್ಟ ಹತ್ತಕಾಯ್ತದಾ? ಮುದ್ದೆ ಬೇಕು.

ಪುಳಿಯೋಗರೆ ಪ್ರಿಯ
ಎರಡು ದಿನ ಕೆಡದೆ ಇರೋ ಊಟ ಅದು ಸ್ವಾಮಿ. ಬ್ಯಾಗಲ್ಲಿ ಹಾಕ್ಕೊಂಡು ಹೋಗೋಕೆ ಇದಕ್ಕಿಂತ ಒಳ್ಳೇದು ಯಾವುದಿದೆ?

ಸರಸ್ವತಿಪುರಂ ಅಕ್ಕ
ಹುರಿಹಿಟ್ಟು! ರಾಗಿ ಹುರಿಹಿಟ್ಟಿಗೆ ಬೆಲ್ಲದ ಪುಡಿ, ಏಲಕ್ಕಿ ಬೆರೆಸಿ ಡಬ್ಬಿಗೆ ತುಂಬಿದ್ರೆ ಒಲೆ ಬೇಡ, ಬೆಂಕಿ ಬೇಡ. ನೀರು ಅಥವಾ ಮಜ್ಜಿಗೆ ಹಾಕಿ ಕಲಸಿದ್ರೆ ಮುಗೀತು. ನಮ್ಮ ಹೆಂಗಸರ ಗುಂಪು ಐದು ವರ್ಷದಿಂದ ಇದನ್ನೇ ಹೊತ್ಕೊಂಡು ಹೋಗ್ತಿರೋದು. ಬೇಸಿಗೇಲಿ ಒಣ ಹುಲ್ಲಿರೋ ಕಡೆ ಒಲೆ ಹಚ್ಚಲೇಬೇಡಿ. ಒಂದು ಕಿಡಿ ಸಾಕು, ಬೆಟ್ಟ ಪೂರ್ತಿ ಹೋಗುತ್ತೆ.

ಡೆನ್ವರ್ ಗೌಡ
ಮದ್ದೂರು ತಾಲ್ಲೂಕಿನವನು, ಕೊಲೊರಾಡೊದಲ್ಲಿ ಹನ್ನೊಂದು ವರ್ಷ ಆಯ್ತು. ನಾನು ಇಲ್ಲಿ ಇದನ್ನೇ ಮಾಡ್ತೀನಿ, ಬ್ಯಾಗ್ ಹೊತ್ಕೊಂಡು ಎರಡು ದಿನ ಬೆಟ್ಟದಲ್ಲಿದ್ದು ಚಿಕ್ಕ ಬೇಟೆ. ನಿಮ್ಮ ಕಸಿನ್ ಕಳಿಸಿದ ಫೋಟೋ ಹಿಂದೆ ಏನೇನಿದೆ ಅಂತ ಹೇಳ್ತೀನಿ, ಯಾಕಂದ್ರೆ ಫೋಟೋದಲ್ಲಿ ಅದು ಕಾಣಲ್ಲ.

1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದ ಯಾರೇ ಆಗಲಿ, ಬೇಟೆ ಶಿಕ್ಷಣದ ತರಗತಿ ಮುಗಿಸಿ ಕಾರ್ಡ್ ತಗೋಬೇಕು. ಅದಾದ ಮೇಲೆ ಚಿಕ್ಕ ಪ್ರಾಣಿ-ಪಕ್ಷಿಗಳ ಲೈಸೆನ್ಸ್, ವರ್ಷ ವರ್ಷ ದುಡ್ಡು ಕಟ್ಟಿ. ಡಸ್ಕಿ ಗ್ರೌಸ್ ಅಂತ ನಮ್ಮ ಕಾಡುಕೋಳಿ ಗಾತ್ರದ ಬೆಟ್ಟದ ಹಕ್ಕಿ ಇದೆ. ಸೀಸನ್ ಶುರುವಾಗೋದೇ ಸೆಪ್ಟೆಂಬರ್ 1ಕ್ಕೆ, ದಿನಕ್ಕೆ ಮೂರರ ಮೇಲೆ ಹೊಡೆಯೋ ಹಾಗಿಲ್ಲ. ರಾಷ್ಟ್ರೀಯ ಅರಣ್ಯದಲ್ಲಿ ಅವಕಾಶ ಇದೆ, ಪಕ್ಕದಲ್ಲೇ ಇರೋ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್‌ನಲ್ಲಿ ಇಲ್ಲ. ಹಾಗಾಗಿ ಗಡಿ ಎಲ್ಲಿದೆ ಅಂತ ನಕ್ಷೆ ಕೈಯಲ್ಲೇ ಇರಬೇಕು.

ತೂಕದ ಬಗ್ಗೆ ಕೇಳಿದ್ರಿ. ಪಾಯಿಂಟ್ ಟ್ವೆಂಟಿಟೂ ರೈಫಲ್ಲೇ ಎರಡು ಕಿಲೋ ಮೇಲೆ ಬರುತ್ತೆ, ಶಾಟ್‌ಗನ್ ಆದ್ರೆ ಮೂರು. ಟೆಂಟು, ಮಲಗೋ ಚೀಲ, ನೀರು ಸೇರಿ ಹದಿನೈದು ಕಿಲೋ ದಾಟುತ್ತೆ. ಹತ್ತು ಸಾವಿರ ಅಡಿ ಎತ್ತರದಲ್ಲಿ ಅದನ್ನ ಹೊತ್ತು ನಡೆಯೋದು ಸುಲಭ ಅಲ್ಲ. ಹೊಡೆದ ತಕ್ಷಣ ಹೊಟ್ಟೆ ಸೀಳಿ ಕರುಳು ತೆಗೆದು, ಗಾಳಿಯಾಡೋ ಬಟ್ಟೆ ಚೀಲದಲ್ಲಿ ನೆರಳಲ್ಲಿ ತೂಗುಹಾಕಬೇಕು, ಪ್ಲಾಸ್ಟಿಕ್‌ನಲ್ಲಿ ಇಟ್ರೆ ಕೆಡುತ್ತೆ. ಮೊಲಕ್ಕೆ ಟುಲರೀಮಿಯ ಅನ್ನೋ ಕಾಯಿಲೆ ಇರಬಹುದು, ಅದು ಮನುಷ್ಯನಿಗೂ ಹತ್ತುತ್ತೆ. ಕೈಗೆ ಗ್ಲೌಸ್ ಹಾಕಿ ಸುಲಿದು, ಚೆನ್ನಾಗಿ ಬೇಯಿಸ್ಬೇಕು. ರಾತ್ರಿ ಊಟದ ಸಾಮಾನು, ಮಾಂಸ ಎರಡನ್ನೂ ಟೆಂಟಿಂದ ದೂರ ಇಡಬೇಕು, ಕರಡಿ ಬರುತ್ತೆ.

ಇನ್ನೊಂದು ಮಾತು. 1937ರಿಂದ ಇಲ್ಲಿ ಒಂದು ಕಾನೂನಿದೆ. ಬೇಟೆ ಬಂದೂಕು, ಮದ್ದುಗುಂಡಿನ ಮೇಲೆ ಶೇ. 11 ತೆರಿಗೆ ಹಾಕಿ ಆ ದುಡ್ಡನ್ನ ವನ್ಯಜೀವಿ ಕೆಲಸಕ್ಕೇ ರಾಜ್ಯಗಳಿಗೆ ಹಂಚ್ತಾರೆ. ಎಣಿಕೆ ಮಾಡ್ತಾರೆ, ಎಣಿಕೆ ಮೇಲೆ ಮಿತಿ ಹಾಕ್ತಾರೆ. ಜಾಗವೂ ವಿಶಾಲ. ಇಷ್ಟೆಲ್ಲಾ ಇರೋ ಕಡೆ ನಡೆಯೋದನ್ನ ಮೇಲುಕೋಟೆಯ 50 ಚದರ ಕಿಲೋಮೀಟರಿಗೆ ತಂದು ಕೂರಿಸೋಕೆ ಆಗಲ್ಲ. ನಾನು ಊರಿಗೆ ಬಂದಾಗ ಬೇಟೆ ಅನ್ನೋ ಮಾತೇ ಎತ್ತಲ್ಲ, ಗಾಳ ಹಿಡ್ಕೊಂಡು ಶಿಂಷಾ ದಡಕ್ಕೆ ಹೋಗ್ತೀನಿ.

ತೊಣ್ಣೂರು ಹೈದ
ಅಣ್ಣ ತುಂಬಾ ಥ್ಯಾಂಕ್ಸ್. ಇದೆಲ್ಲಾ ಅವನು ಹೇಳಿರಲಿಲ್ಲ.

ರಾತ್ರಿ ಬಸ್
ಮೈಸೂರು ಮಹಾರಾಜರ ಕಾಲದಲ್ಲಿ ಬೇಟೆ ಇತ್ತಲ್ಲ, ಬಂಡೀಪುರ, ನಾಗರಹೊಳೆ ಎಲ್ಲಾ ಅವರ ಬೇಟೆ ಕಾಡು. ಹಾಗಾದ್ರೆ ದೊಡ್ಡೋರಿಗೆ ಒಂದು, ನಮಗೆ ಒಂದಾ?

ಹಕ್ಕಿ ಮೇಷ್ಟ್ರು
ಆ ಕಾಲ ಹೋಯ್ತಪ್ಪ, ದೊಡ್ಡೋರಿಗೂ ಹೋಯ್ತು. ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯೋ ಕೊನೆಯ ಖೆಡ್ಡಾ ಆದದ್ದು 1971ರಲ್ಲಿ. ಮರುವರ್ಷವೇ ಕಾಯ್ದೆ ಬಂತು, 1973ಕ್ಕೆ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಖೆಡ್ಡಾ ನಡೆದ ಜಾಗ ಕಬಿನಿ ಹಿನ್ನೀರಲ್ಲಿ ಮುಳುಗಿದೆ. ನಮ್ಮ ಮೈಸೂರಲ್ಲಿ ವ್ಯಾನ್ ಇಂಗೆನ್ ಅವರ ಕಾರ್ಖಾನೆ ಇತ್ತಲ್ಲ, ಬೇಟೆ ಆಡಿದ ಹುಲಿ, ಚಿರತೆಯ ಚರ್ಮವನ್ನ ಅಚ್ಚಿನ ಮೇಲೆ ಹೊದಿಸಿ ಜೀವ ಇದ್ದ ಹಾಗೆ ಮಾಡಿ ಕೊಡ್ತಿದ್ರು, ದೇಶ ವಿದೇಶದಿಂದ ಬರ್ತಿತ್ತು. 1999ಕ್ಕೆ ಅದೂ ಮುಚ್ಚಿತು.

ಗಾಳದ ಗೀಳು
ವ್ಯಾನ್ ಇಂಗೆನ್ ಅಂದ ತಕ್ಷಣ ನಾನು ಬರಲೇಬೇಕು! ಅದೇ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಹಿಡಿದಿದ್ರು. 54 ಕಿಲೋ! ಗಾಳಕ್ಕೆ! ಮಹಶೀರ್ ಅಂತಾರಲ್ಲ ಅದೇ.

ತೊಣ್ಣೂರು ಹೈದ, ನಿಮ್ಮ ಆಸೆಗೆ ದಾರಿ ಇದು: ನಡಿಗೆ ಜೊತೆ ಗಾಳ. ಹಿಡಿದದ್ದನ್ನ ಬೇಯಿಸ್ಕೊಂಡು ತಿನ್ನೋ ಖುಷಿ ಸಿಗುತ್ತೆ. ಆದರೆ ಎಲ್ಲಾ ಕಡೆ ಅಲ್ಲ. ಮುತ್ತತ್ತಿ, ಭೀಮೇಶ್ವರಿ ಬಿಟ್ಟುಬಿಡಿ, ಅದು 1987ರಿಂದ ಕಾವೇರಿ ವನ್ಯಜೀವಿಧಾಮ. ಮೊದಲು ಅಲ್ಲಿ ಹಿಡಿದು ತೂಗಿ ನೀರಿಗೆ ಬಿಡೋ ಕ್ಯಾಂಪುಗಳಿದ್ವು, ಈಗ ಅದೂ ನಿಂತಿದೆ. ಕಾವೇರಿಯ ಡುಬ್ಬದ ಬಿಳಿಮೀನು ಕಾವೇರಿ ಮತ್ತದರ ಉಪನದಿ ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನ ಜಾಗತಿಕ ಕೆಂಪು ಪಟ್ಟಿಗೆ, ಅಳಿವಿನ ತೀರಾ ಅಂಚಿನಲ್ಲಿರೋ ಜೀವಿ ಅಂತ ಸೇರಿಸಿದ್ರು. ಎಲ್ಲೇ ಸಿಕ್ಕರೂ ನೀರಿಗೆ ಬಿಡಿ. ಆ ಮೀನಿಗೆ ಹಾಕ್ತಿದ್ದ ಎರೆ ಏನು ಗೊತ್ತಾ? ರಾಗಿ ಮುದ್ದೆ! ಗಟ್ಟಿಯಾಗಿ ಬೇಯಿಸಿ ನಿಂಬೆಹಣ್ಣಿನ ಗಾತ್ರ ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸ್ತಿದ್ರು.

ನೀವು ಕೆರೆಗೆ ಹೋಗಿ. ಕೆರೆ ಅಂದ್ರೂ ಯಾರಪ್ಪನದೂ ಅಲ್ಲ ಅನ್ಕೋಬೇಡಿ. ಮೀನು ಹಿಡಿಯೋ ಹಕ್ಕು, ಅಂದ್ರೆ ಪಾಶುವಾರು, ಹರಾಜಾಗಿರುತ್ತೆ, ಕೆಲವು ಕಡೆ ಮೀನುಗಾರರ ಸಹಕಾರ ಸಂಘಕ್ಕೆ. ಟೆಂಡರ್ ಹಿಡಿದವರನ್ನ ಹುಡುಕಿ ಕೇಳಿ. ನೂರೋ ಇನ್ನೂರೋ ಕೊಟ್ಟರೆ "ಹಾಕ್ಕಳಪ್ಪ" ಅಂತಾರೆ, ಎಷ್ಟೋ ಕಡೆ ದುಡ್ಡೂ ಬೇಡ ಅಂತಾರೆ. ಮಾಮೂಲಿ ಬಿದಿರು ಕೋಲು, ದಾರ, ಬೆಂಡು, ಎರೆಹುಳ. ಜಿಲೇಬಿ ಮೀನು ಧಾರಾಳ. ಹೊರಗಿಂದ ಬಂದ ಮೀನದು, ಎಷ್ಟು ಹಿಡಿದ್ರೂ ಕೆರೆಗೆ ಒಳ್ಳೇದೇ. ಮುಂಗಾರಲ್ಲಿ ಹೊಳೆಯಿಂದ ಹತ್ತಿ ಬರೋ ಮೊಟ್ಟೆ ಮೀನು ಮಾತ್ರ ಹಿಡೀಬೇಡಿ.

ಹಳೇ ವಾಚರ್
ತೋಟೆ ಹಾಕೋರ ಜೊತೆ ಸೇರಬೇಡಿ. ಒಂದು ಸಿಡಿತಕ್ಕೆ ಮರಿ ಮೀನು ಪೂರ್ತಿ ಬೆಳ್ಳಗೆ ತೇಲುತ್ತೆ. ಕೈ ಕಳ್ಕೊಂಡೋರನ್ನೂ ನೋಡಿದ್ದೀನಿ.

ಸರಸ್ವತಿಪುರಂ ಅಕ್ಕ
ನೀರಿಗೆ ಇಳಿಯೋದೂ ಬೇಡ. ಶ್ರೀರಂಗಪಟ್ಟಣ ಸುತ್ತ ಹೊಳೇಲಿ ಮೊಸಳೆ ಇದೆ. ಮುತ್ತತ್ತಿ ಸುಳಿಗೆ ಪ್ರತಿ ವರ್ಷ ಈಜು ಬರೋ ಹುಡುಗರೇ ಹೋಗ್ತಾರೆ. ದಡದಲ್ಲಿ ಕೂತು ಹಿಡೀರಿ.

ರಾತ್ರಿ ಎಲ್ಲಿ ಮಲಗ್ತೀರಿ ಅನ್ನೋದನ್ನ ಯಾರೂ ಕೇಳಲಿಲ್ಲ. ಕಬ್ಬಿನ ಗದ್ದೆ ಅಂಚಲ್ಲಿ, ಬಂಡೆ ಸಂದಿಯಲ್ಲಿ ಟೆಂಟ್ ಬೇಡ. 2022ರ ಕೊನೆ, 2023ರ ಜನವರಿಯಲ್ಲಿ ತಿ. ನರಸೀಪುರ ತಾಲ್ಲೂಕಲ್ಲಿ ಚಿರತೆ ದಾಳಿಗೆ ಜನ ಸತ್ತದ್ದು ಮರೀಬೇಡಿ. ಊರ ಹತ್ರ, ಯಾರದ್ದಾದ್ರೂ ತೋಟದ ಮನೆ ಜಗಲಿ ಕೇಳಿ. ಅಭಯಾರಣ್ಯದ ಒಳಗಂತೂ ಇಲಾಖೆ ಅನುಮತಿ ಇಲ್ಲದೆ ರಾತ್ರಿ ಉಳಿಯೋ ಹಾಗೇ ಇಲ್ಲ. ಇಲಾಖೆಯ ಚಾರಣದ ಹಾದಿಗಳಿಗೆ ಈಗ "ಅರಣ್ಯ ವಿಹಾರ" ಅಂತ ಆನ್‌ಲೈನ್ ಬುಕಿಂಗ್ ಇದೆ, ಅಲ್ಲಿ ನೋಡಿ.

ಕಬ್ಬಿನ ಗದ್ದೆ
ಅಕ್ಕ ಹೇಳಿದ್ ಸರಿ. ನಮ್ ಗದ್ದೇಲೇ ಎರಡ್ ಸಲ ಚಿರ್ತೆ ಮರಿ ಸಿಕ್ಕದೆ, ಕಬ್ಬು ಕಡಿಯೋವಾಗ. ಹೈದ, ಜಾಗ ಬೇಕಂದ್ರೆ ನಮ್ ತೋಟದ್ ಮನೆಗ್ ಬಾ. ಕೋಳಿ ಕುಯ್ಯುವಾ. ನಾಟಿ ಕೋಳಿ ಸಾರಿನ್ ಮುಂದೆ ಯಾವ್ ಮೊಲ.

ಪುಳಿಯೋಗರೆ ಪ್ರಿಯ
ಕಬ್ಬಿನ ಗದ್ದೆಯವರೇ, ನಾವೂ ಬರಬಹುದಾ?

ಕಬ್ಬಿನ ಗದ್ದೆ
ಬನ್ನಿ ಸ್ವಾಮಿ. ನೀವ್ ಪುಳಿಯೋಗ್ರೆ ತನ್ನಿ.

ಹಕ್ಕಿ ಮೇಷ್ಟ್ರು
ಒಂದು ಮಾತು ಹೇಳ್ತೀನಿ ತೊಣ್ಣೂರು ಹೈದ. ನಿಮ್ಮಜ್ಜ ಬದುಕಿದ್ದಾರಾ? ಇದ್ದರೆ ಬೇಟೆಯಲ್ಲಿ ಅವರಿಗೆ ಗೊತ್ತಿದ್ದದ್ದನ್ನ ಕೇಳಿ ಇಟ್ಕೊಳ್ಳಿ. ಹಳೇ ಬೇಟೆಗಾರರಿಗಿರೋ ಕಣ್ಣು ನಮ್ಮಂಥ ಹಕ್ಕಿ ನೋಡೋರಿಗೆ ಇಲ್ಲ. ನಾನು ಮೂವತ್ತು ವರ್ಷ ಬೈನಾಕ್ಯುಲರ್ ಹಿಡಿದು ಅಲೆದೆ. ನಮ್ಮ ಶಾಲೆ ಹತ್ರ ಒಬ್ಬ ಮುದುಕ ಬರಿಗಣ್ಣಲ್ಲಿ "ಅಲ್ಲಿ ಗೌಜಲ ಕೂತದೆ" ಅಂತ ತೋರಿಸಿದಾಗ ನನಗೆ ಬರೀ ಮಣ್ಣು ಕಾಣ್ತಿತ್ತು.

ಮೊಲದ ಹೆಜ್ಜೆ ನೋಡಿದ್ದೀರಾ? ಕುಪ್ಪಳಿಸುವಾಗ ಹಿಂಗಾಲು ಮುಂಗಾಲಿಗಿಂತ ಮುಂದೆ ಬೀಳುತ್ತೆ. ಮೊದಲ ಸಲ ನೋಡಿದವರು ಅದು ಹೋದ ದಿಕ್ಕನ್ನ ತಿರುಗುಮುರುಗಾ ಓದ್ತಾರೆ. ನಮ್ಮ ಮೊಲ ಬಿಲ ತೋಡಲ್ಲ. ಹುಲ್ಲಿನ ಬುಡದಲ್ಲಿ ಮೈ ಒತ್ತಿ ಒಂದು ತಗ್ಗು ಮಾಡ್ಕೊಂಡು ಹಗಲೆಲ್ಲಾ ಅಲ್ಲೇ ಕೂತಿರುತ್ತೆ, ನೀವು ತುಳಿಯೋ ತನಕ ಏಳಲ್ಲ. ಕತ್ತಿನ ಹಿಂದೆ ಕಪ್ಪು ಮಚ್ಚೆ ಇರುತ್ತೆ, ಓಡುವಾಗ ಚೆನ್ನಾಗಿ ಕಾಣುತ್ತೆ. ನಿಮ್ಮ ಹೊಲದಲ್ಲಿ ಬೆಳಗಿನ ಜಾವ ಗಾಳಿಗೆ ಎದುರಾಗಿ ಕೂತು ನೋಡಿ. ಅಜ್ಜನನ್ನ ಕರ್ಕೊಂಡು ಹೋಗಿ.

ತೊಣ್ಣೂರು ಹೈದ
ಇದ್ದಾರೆ ಮೇಷ್ಟ್ರೇ. 84. ನಡೀತಾರೆ, ಕಿವಿ ಸ್ವಲ್ಪ ಮಂದ. ಈ ಯೋಚನೆ ನನಗೆ ಬಂದೇ ಇರಲಿಲ್ಲ. ಏರ್‌ಗನ್ ಬೇಡ ಅಂತ ಗೆಳೆಯನಿಗೆ ಈಗ್ಲೇ ಹೇಳ್ದೆ, ಅವನಿಗೂ ಸಮಾಧಾನ ಆಯ್ತು. ಪ್ಲಾನ್ ಬದಲು: ಶನಿವಾರ ಮೇಲುಕೋಟೆ ಬೆಟ್ಟ, ಸಂಜೆ ಊರು, ರಾತ್ರಿ ನಮ್ಮ ಹೊಲದ ಮನೆ, ಭಾನುವಾರ ಕೆರೆ. ಹೋಗಿ ಬಂದು ಬರೀತೀನಿ.

ರಾತ್ರಿ ಬಸ್
ಬರೀ ಗುರು, ಕಾಯ್ತಿರ್ತೀವಿ.

ತೊಣ್ಣೂರು ಹೈದ
ಹೋಗಿ ಬಂದ್ವಿ. ಸ್ವಲ್ಪ ಉದ್ದ ಇದೆ.

ಬ್ಯಾಗ್ ತಲಾ ಎಂಟು ಕಿಲೋ. ಅಕ್ಕ ಹೇಳಿದ ಹುರಿಹಿಟ್ಟು ಅಮ್ಮನೇ ಮಾಡಿಕೊಟ್ರು. ಜಕ್ಕನಹಳ್ಳಿಯಿಂದ ರಸ್ತೆ ಪಕ್ಕದಲ್ಲೇ ನಡೆದು ಮಧ್ಯಾಹ್ನಕ್ಕೆ ಬೆಟ್ಟದ ನರಸಿಂಹಸ್ವಾಮಿ ದರ್ಶನ. ಪುಳಿಯೋಗರೆ ತಿಂದ್ವಿ, ಕಟ್ಟಿಸಿಕೊಂಡೂ ಬಂದ್ವಿ. ಸಂಜೆ ಬಸ್ಸಿಗೆ ಊರು.

ಅಜ್ಜನಿಗೆ ವಿಷಯ ಹೇಳಿದಾಗ ಮೊದಲು ಒಪ್ಪಲಿಲ್ಲ. "ಹೊಡೆಯೋಕಿಲ್ಲ ಅಂದ್ಮೇಲೆ ಯಾಕ್ ಹೋಗ್ಬೇಕು" ಅಂದ್ರು. ಬೆಳಗಿನ ಜಾವ ನಾಲ್ಕೂವರೆಗೆ ನಮಗಿಂತ ಮೊದಲು ಎದ್ದು ಕಂಬಳಿ ಹೊದ್ಕೊಂಡು ಜಗಲಿ ಮೇಲೆ ಕೂತಿದ್ರು.

ಹೊಲದ ಬದುವಲ್ಲಿ ಒಂದು ಚಿಟಿಕೆ ಮಣ್ಣು ಮೇಲಕ್ಕೆ ಬಿಟ್ಟು ಗಾಳಿ ನೋಡಿದ್ರು. ನಮ್ಮನ್ನ ಒಂದು ತಂಗಡಿ ಗಿಡದ ಹಿಂದೆ ಕೂರಿಸಿದ್ರು. ಟಾರ್ಚ್ ಹಾಕೋಕೆ ಬಿಡಲಿಲ್ಲ. ಕೆಮ್ಮು ಬಂದ ಗೆಳೆಯನ ಬಾಯಿಗೆ ಕಂಬಳಿ ತುದಿ ಕೊಟ್ರು. ಬೆಳಕು ಹರಿಯೋ ಮುಂಚೆ ಗೌಜಲ ಕೂಗೋಕೆ ಶುರು ಮಾಡ್ತು. ಅಜ್ಜನಿಗೆ ಕೇಳಿಸ್ತಿರಲಿಲ್ಲ, ನಾನು ಅವರ ಅಂಗೈ ಮೇಲೆ ಬೆರಳಲ್ಲಿ ಬಡಿದು ತೋರಿಸ್ದೆ, ಯಾವ ಕಡೆ ಅಂತ. ಆಮೇಲೆ ಹುರುಳಿ ಸಾಲಿಂದ ಮೊಲ ಬಂತು. ಒಂದಲ್ಲ, ಎರಡು. ಇಪ್ಪತ್ತು ಅಡಿ ದೂರ. ಕಿವಿ ಒಳಗಿನ ಕೆಂಪು ಕಾಣ್ತಿತ್ತು. ಅಜ್ಜನ ಕೈ ನನ್ನ ತೋಳು ಬಿಗಿಯಾಗಿ ಹಿಡಿದಿತ್ತು, ಅವು ಬೇಲಿ ದಾಟೋ ತನಕ ಬಿಡಲಿಲ್ಲ.

ಬೆಳಕಾದ ಮೇಲೆ ಹೆಜ್ಜೆ ತೋರಿಸಿದ್ರು. ಮೇಷ್ಟ್ರು ಹೇಳಿದ ಹಾಗೇ, ಹಿಂಗಾಲು ಮುಂದೆ. ಕೂರೋ ತಗ್ಗನ್ನೂ ತೋರಿಸಿದ್ರು, ಕೈಯಿಟ್ಟು ನೋಡಿದ್ರೆ ಇನ್ನೂ ಬೆಚ್ಚಗಿತ್ತು. ನಮ್ಮ ಹೊಲದಲ್ಲಿ ಇದೆಲ್ಲಾ ಇದೆ ಅಂತ 29 ವರ್ಷ ನನಗೆ ಗೊತ್ತಿರಲಿಲ್ಲ.

ಕೆರೆಯಲ್ಲಿ ಟೆಂಡರ್‌ನವರನ್ನ ಕೇಳಿ ಗಾಳ ಹಾಕಿದ್ವಿ. ದುಡ್ಡು ತಗೊಳ್ಳಲಿಲ್ಲ. ಏಳು ಜಿಲೇಬಿ ಸಿಕ್ತು, ಐದು ಗೆಳೆಯನಿಗೆ, ಎರಡು ನನಗೆ. ಅಜ್ಜಿ ಹುಣಸೆಹುಳಿ ಬಿಟ್ಟು ಸಾರು ಮಾಡಿದ್ರು.

ಗಾಳದ ಗೀಳು
ಏಳು! ಮೊದಲ ಸಲಕ್ಕೆ ಒಳ್ಳೇ ಲೆಕ್ಕ. ಎರೆಹುಳನಾ, ಮುದ್ದೆನಾ?

ತೊಣ್ಣೂರು ಹೈದ
ಎರೆಹುಳ. ಮುದ್ದೆ ನೀರಿಗೆ ಬಿದ್ದ ತಕ್ಷಣ ಕರಗಿಹೋಯ್ತು.

ಗಾಳದ ಗೀಳು
ಇನ್ನೂ ಗಟ್ಟಿ ಬೇಯಿಸ್ಬೇಕು. ಹಿಟ್ಟು ಜಾಸ್ತಿ ಹಾಕಿ, ತಣ್ಣಗಾದ ಮೇಲೆ ಮತ್ತೆ ಚೆನ್ನಾಗಿ ನಾದಿ.

ಕಬ್ಬಿನ ಗದ್ದೆ
ಮೊಲದ್ ವಿಷ್ಯ ಓದಿ ಸಂತೋಷ ಆಯ್ತು ಕಣಪ್ಪ. ಹುರುಳಿ ಎಷ್ಟ್ ತಿಂದ್ವು?

ತೊಣ್ಣೂರು ಹೈದ
ಒಂದು ಸಾಲಿನ ತುದಿ ಅಷ್ಟೇ ಅಣ್ಣ. ಅಜ್ಜ ಹೋಗ್ಲಿ ಬಿಡು ಅಂದ್ರು.

ಹಳೇ ವಾಚರ್
ಹುಡುಗಾ, ಚೆನ್ನಾಗಿ ಬರೆದೆ. ಎರಡು ಸಲ ಓದಿಸ್ಕೊಂಡೆ. ನಿನ್ನಜ್ಜನಿಗೆ ನನ್ನ ನಮಸ್ಕಾರ ಹೇಳು. ಒಂದು ಕೇಳಬೇಕಿತ್ತು: ನಾಯಿಗೆ ಪಾಲು ಇಡ್ತಿದ್ರು ಅಂದ್ಯಲ್ಲ, ಯಾವ ಭಾಗ? ನಮ್ಮ ಕಡೆ ಒಂದೊಂದು ಊರಿಗೆ ಒಂದೊಂದು ರೀತಿ ಇತ್ತು.

ತೊಣ್ಣೂರು ಹೈದ
ಫೋನ್ ಮಾಡಿ ಕೇಳ್ದೆ ತಾತ. ತಲೆ ಮತ್ತು ಕರುಳು ನಾಯಿಗಂತೆ. ಮೊದಲು ಕಂಡವನಿಗೆ ಒಂದು ತೊಡೆ, ಬಲೆ ಹಿಡಿದವನಿಗೆ ಇನ್ನೊಂದು. ಬಸುರಿ ಹೆಂಗಸು ಇರೋ ಮನೆಗೆ ಕೇಳದೆಯೇ ಒಂದು ಪಾಲು ಹೋಗ್ತಿತ್ತಂತೆ. ಮುಂದಿನ ಸಲ ನಿಮ್ಮನ್ನೂ ಕರ್ಕೊಂಡು ಬಾ ಅಂದ್ರು.